ನೀರಾಟದ ದಿನ: ಕುಟುಂಬದ ಮೊದಲ ಜಲೋದ್ಯಾನ ಭೇಟಿಗೆ ಕೆಲವು ಆರೋಗ್ಯ ಸೂಚನೆಗಳು

ಏಪ್ರಿಲ್ ತಿಂಗಳು ಬಂದಿತೆಂದರೆ ಪುಣೆಯ ಕನ್ನಡಿಗರ ಮನೆಗಳಲ್ಲಿ ಎರಡು ಸಂಭ್ರಮಗಳು ಒಟ್ಟಿಗೆ ಆರಂಭವಾಗುತ್ತವೆ. ಮಕ್ಕಳ ಪರೀಕ್ಷೆಗಳು ಮುಗಿದ ಸಂಭ್ರಮ ಒಂದು. ಹುಬ್ಬಳ್ಳಿ, ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಯಿಂದ ರಜೆಗೆಂದು ಬರುವ ಬಂಧುಬಳಗದ ಸಂಭ್ರಮ ಇನ್ನೊಂದು. ಬಂದವರಿಗೆ ಶನಿವಾರವಾಡೆ, ಸಾರಸಬಾಗ, ಸಿಂಹಗಡಗಳನ್ನು ತೋರಿಸಿದ ಮೇಲೆ ಮಕ್ಕಳ ಗುಂಪಿನಿಂದ ಒಂದೇ ಬೇಡಿಕೆ ಏಳುತ್ತದೆ: ವಾಟರ್ ಪಾರ್ಕಿಗೆ ಹೋಗೋಣ! ನಗರದ ಸುತ್ತಮುತ್ತ, ಸಿಂಹಗಡದ ತಪ್ಪಲಿನಿಂದ ಹಿಡಿದು ಲೋಣಾವಳಾ, ಖೋಪೋಲಿಗಳವರೆಗೆ ಇಂಥ ಜಲೋದ್ಯಾನಗಳು ಇರುವುದರಿಂದ ಈ ಬೇಡಿಕೆಯನ್ನು ಈಡೇರಿಸುವುದು ಕಷ್ಟವೇನಲ್ಲ. ಆದರೆ ಮೊದಲ ಬಾರಿಗೆ ಹೋಗುವ ಕುಟುಂಬವು ಕೆಲವು ವಿಷಯಗಳನ್ನು ತಿಳಿದು ಹೋದರೆ ಆ ದಿನದ ಆನಂದಕ್ಕೆ ಭಂಗ ಬಾರದು.

ಹಿಂದಿನ ತಲೆಮಾರಿನವರಿಗೆ ನೀರಿನ ಪರಿಚಯವು ಊರಿನಲ್ಲಿಯೇ ಆಗುತ್ತಿತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ತಗಡಿನ ಡಬ್ಬಿಯನ್ನೋ ಕಟ್ಟಿಕೊಂಡು, ತೋಟದ ಬಾವಿಯಲ್ಲಿ ಅಣ್ಣನ ಅಥವಾ ಸೋದರಮಾವನ ಕಣ್ಗಾವಲಿನಲ್ಲಿ ಈಜು ಕಲಿತವರು ಅವರು. ನೀರಿನ ಸುಖವನ್ನೂ ಅದರ ಭಯವನ್ನೂ ಅವರು ಒಟ್ಟಿಗೇ ಕಲಿತರು. ಅವರ ಮಕ್ಕಳು, ಮೊಮ್ಮಕ್ಕಳು ಬೆಳೆದದ್ದು ಕೋಥರೂಡ, ಹಡಪಸರ, ಪಿಂಪರಿ-ಚಿಂಚವಡಗಳ ಬಹುಮಹಡಿ ಕಟ್ಟಡಗಳಲ್ಲಿ. ಅವರಲ್ಲಿ ಅನೇಕರಿಗೆ ನೀರೆಂದರೆ ನಲ್ಲಿ ಮತ್ತು ಬಾಲ್ದಿ ಮಾತ್ರ. ಹೀಗಾಗಿ ಜಲೋದ್ಯಾನದ ಕೊಳವೇ ಅವರು ಕಾಣುವ ಮೊದಲ ದೊಡ್ಡ ನೀರು. ಭಯವಿಲ್ಲದ, ಈಜೂ ಬಾರದ ಮಗುವು ಆ ನೀರಿಗೆ ಇಳಿಯುತ್ತದೆ ಎಂಬುದನ್ನು ತಂದೆತಾಯಂದಿರು ಮೊದಲು ಮನಗಾಣಬೇಕು.

ಜಲೋದ್ಯಾನವೆಂದರೇನು?

ನೀರನ್ನೇ ಆಟದ ಮುಖ್ಯ ಸಾಧನವನ್ನಾಗಿ ಮಾಡಿಕೊಂಡ ಉದ್ಯಾನದ ಕಲ್ಪನೆಯು ಬಹಳ ಹಳೆಯದಲ್ಲ. 1977ರಲ್ಲಿ ಜಾರ್ಜ್ ಮಿಲ್ಲೇ ಎಂಬವರು ಅಮೆರಿಕದ ಆರ್ಲ್ಯಾಂಡೊ ನಗರದಲ್ಲಿ ತೆರೆದ ಉದ್ಯಾನವು ಈ ಬಗೆಯವುಗಳಿಗೆ ಮಾದರಿಯಾಯಿತು. ಮುಂಬಯಿಯ ಗೊರಾಯಿಯಲ್ಲಿ 1998ರಲ್ಲಿ ವಾಟರ್ ಕಿಂಗ್‌ಡಮ್ ಆರಂಭವಾಯಿತು. ಕರ್ನಾಟಕದಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ತೆರೆಯಿತು. ಬಂಧುಗಳಲ್ಲಿ ಅನೇಕರು ಅದನ್ನು ಕಂಡಿರಬಹುದು.

ಇಂಥ ಉದ್ಯಾನದಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಆಟಗಳಿರುತ್ತವೆ: ಎತ್ತರದ ಜಾರುಬಂಡಿಗಳು, ಯಂತ್ರದಿಂದ ಅಲೆಗಳನ್ನೆಬ್ಬಿಸುವ ಅಲೆಕೊಳ, ಟ್ಯೂಬಿನ ಮೇಲೆ ಕುಳಿತು ತೇಲುವ ನಿಧಾನದ ಕಾಲುವೆ ಹಾಗೂ ಎಳೆಯ ಮಕ್ಕಳಿಗಾಗಿ ಆಳವಿಲ್ಲದ ಕೊಳ. ಇವೆಲ್ಲವುಗಳಲ್ಲಿಯೂ ನೀರನ್ನು ಪಂಪುಗಳಿಂದ ಮೇಲೆತ್ತಿ, ಸೋಸಿ, ಕ್ಲೋರಿನ್ ಬೆರೆಸಿ ಮತ್ತೆ ಮತ್ತೆ ಬಳಸುತ್ತಾರೆ. ಇಲ್ಲಿನ ಪ್ರತಿಯೊಂದು ನಿಯಮಕ್ಕೂ, ಪ್ರತಿಯೊಂದು ಫಲಕಕ್ಕೂ ಒಂದು ಕಾರಣವಿದೆ. ಆ ಕಾರಣವನ್ನು ಅರಿತವರು ನಿಯಮವನ್ನು ಮೀರುವುದಿಲ್ಲ.

ಯಾರು ಹೋಗಬಹುದು, ಯಾರು ದಡದಲ್ಲಿರಬೇಕು?

ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಬೆನ್ನು ಅಥವಾ ಕತ್ತಿನ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ಹಾಗೂ ಗರ್ಭಿಣಿಯರು ವೇಗದ ಜಾರುಬಂಡಿಗಳನ್ನು ಏರಬಾರದು. ಇಳಿಜಾರಿನ ಕೊನೆಯಲ್ಲಿ ದೇಹವು ತಟ್ಟನೆ ನಿಲ್ಲುವಾಗ ಆಗುವ ಆಘಾತವು ಇವರಿಗೆ ಒಳ್ಳೆಯದಲ್ಲ. ಅಪಸ್ಮಾರ, ಅಂದರೆ ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ಇಳಿದರೂ ಈಜು ಬಲ್ಲ ಒಬ್ಬರು ಸದಾ ಪಕ್ಕದಲ್ಲಿರಬೇಕು.

ಮಧುಮೇಹಿಗಳು ಪಾದಗಳ ವಿಷಯದಲ್ಲಿ ಎಚ್ಚರ ವಹಿಸಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಮಧ್ಯಾಹ್ನದ ಕಾದ ಕಾಂಕ್ರೀಟು ಸುಟ್ಟರೂ ತಿಳಿಯದು. ಅವರು ರಬ್ಬರಿನ ಚಪ್ಪಲಿಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಕೂಡದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತನ್ನು ಮೀರಿಸದೆ, ಕೈಗೆ ಸಿಗುವಂತೆ ಸಿಹಿಯನ್ನು ಇಟ್ಟುಕೊಳ್ಳಬೇಕು. ಕಿವಿ ಸೋರುವವರು, ಕಿವಿಯ ತಮಟೆಯಲ್ಲಿ ರಂಧ್ರವಿರುವವರು ತಲೆಯನ್ನು ಮುಳುಗಿಸಬಾರದು.

ಭೇದಿಯಾಗುತ್ತಿರುವವರು ಅಂದು ಮನೆಯಲ್ಲಿಯೇ ಉಳಿಯತಕ್ಕದ್ದು. ಇದು ಅವರ ಆರೋಗ್ಯಕ್ಕಿಂತಲೂ ಇತರರ ಆರೋಗ್ಯದ ಪ್ರಶ್ನೆ. ಇದರ ಕಾರಣವನ್ನು ಮುಂದೆ ವಿವರಿಸಲಾಗಿದೆ.

ಉಡುಗೆ ಮತ್ತು ಒಡವೆ

ಸೀರೆ, ದುಪಟ್ಟಾ, ಸಡಿಲವಾದ ಹತ್ತಿಯ ಬಟ್ಟೆಗಳು ನೀರನ್ನು ಹೀರಿ ಭಾರವಾಗುತ್ತವೆ, ಕಾಲಿಗೆ ಸುತ್ತಿಕೊಳ್ಳುತ್ತವೆ, ಜಾರುಬಂಡಿಯ ಜೋಡಣೆಗಳಲ್ಲಿ ಸಿಕ್ಕಿಕೊಳ್ಳುವ ಸಂಭವವೂ ಇದೆ. ಆದುದರಿಂದಲೇ ಉದ್ಯಾನಗಳಲ್ಲಿ ನೈಲಾನ್ ಅಥವಾ ಲೈಕ್ರಾ ಉಡುಪನ್ನು ಕಡ್ಡಾಯ ಮಾಡಿರುತ್ತಾರೆ. ತೋಳು, ಮೊಣಕಾಲುಗಳನ್ನು ಮುಚ್ಚುವ ಈಜುಡುಗೆಗಳು ದೊರೆಯುತ್ತವೆ. ಸಂಕೋಚಪಡುವ ಹೆಣ್ಣುಮಕ್ಕಳಿಗೆ ಅವು ಅನುಕೂಲ, ಬಿಸಿಲಿನಿಂದಲೂ ರಕ್ಷಣೆ. ಮಕ್ಕಳಿಗೆ ಉಡುಪು ಆರಿಸುವಾಗ ಬಣ್ಣವನ್ನು ಗಮನಿಸಬೇಕು. ನೀಲಿ ಮತ್ತು ಬಿಳಿಯ ಬಟ್ಟೆಗಳು ಕೊಳದ ನೀರಿನೊಳಗೆ ಕಣ್ಣಿಗೆ ಬೀಳುವುದಿಲ್ಲ. ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವು ದೂರದಿಂದಲೂ ಕಾಣುತ್ತದೆ.

ಮಾಂಗಲ್ಯ, ಬಳೆ, ಕಾಲುಂಗುರ, ಝುಮಕಿಗಳ ಪ್ರಶ್ನೆ ಮನೆಯಲ್ಲಿಯೇ ತೀರ್ಮಾನವಾಗಲಿ. ಸರವು ಕತ್ತಿಗೆ ಬಿಗಿಯಬಹುದು, ಗಾಜಿನ ಬಳೆ ಒಡೆದು ಇನ್ನೊಬ್ಬರ ಕಾಲಿಗೆ ಚುಚ್ಚಬಹುದು. ತೆಗೆದಿಡಲು ಮನಸ್ಸೊಪ್ಪದ ಹಿರಿಯರು ಜಾರುಬಂಡಿಯನ್ನೇ ಬಿಟ್ಟು ಆಳವಿಲ್ಲದ ನೀರಿನಲ್ಲಿ ಕುಳಿತು ಆನಂದಿಸುವುದು ಮೇಲು. ಉದ್ದ ಕೂದಲನ್ನು ಹೆಣೆದು ಟೋಪಿಯೊಳಗೆ ಸೇರಿಸಬೇಕು. ನೀರು ಹೀರುವ ಜಾಲರಿಗಳ ಬಳಿ ಬಿಚ್ಚುಗೂದಲು ಅಪಾಯಕರ. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ತೆಗೆದಿಡಬೇಕು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಲೆನ್ಸಿನ ಹಿಂದೆ ಸೇರಿ ಕಣ್ಣಿಗೆ ಗಂಭೀರ ಸೋಂಕನ್ನು ಉಂಟುಮಾಡಬಲ್ಲವು.

ಹತ್ತು ಜನರಿರುವಲ್ಲಿ ಹಾವು

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಒಬ್ಬೊಬ್ಬರೂ ಇನ್ನೊಬ್ಬರು ಹೊಡೆಯುವರೆಂದು ಸುಮ್ಮನಿರುವುದರಿಂದ ಹಾವು ತನ್ನ ದಾರಿ ಹಿಡಿದು ಹೋಗುತ್ತದೆ. ಜಲೋದ್ಯಾನದಲ್ಲಿ ಕುಟುಂಬಕ್ಕೆ ಒದಗಬಹುದಾದ ಅತಿ ದೊಡ್ಡ ಅಪಾಯದ ಮೂಲವು ಈ ಗಾದೆಯಲ್ಲಿಯೇ ಅಡಗಿದೆ.

ಹನ್ನೆರಡು ಜನರ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಅಜ್ಜಿ ನೆರಳಿನಲ್ಲಿ ಚೀಲಗಳ ಬಳಿ ಕುಳಿತಿದ್ದಾರೆ. ತಂದೆ ತಿಂಡಿಯ ಚೀಟಿ ತರಲು ಸಾಲಿನಲ್ಲಿ ನಿಂತಿದ್ದಾರೆ. ತಾಯಿ ಹಿರಿಯ ಮಗಳೊಡನೆ ಜಾರುಬಂಡಿಯ ಮೆಟ್ಟಿಲೇರುತ್ತಿದ್ದಾರೆ. ಸೋದರಮಾವ ಫೋಟೋ ತೆಗೆಯುತ್ತಿದ್ದಾರೆ. ಐದು ವರ್ಷದ ಮಗುವು ಮಾವನ ಬಳಿ ಇದೆ ಎಂದು ತಾಯಿಯ ನಂಬಿಕೆ. ಅಜ್ಜಿಯ ಬಳಿ ಇದೆ ಎಂದು ಮಾವನ ನಂಬಿಕೆ. ತಾಯಿಯೊಡನೆ ಹೋಯಿತೆಂದು ಅಜ್ಜಿಯ ನಂಬಿಕೆ. ಯಾರೂ ಅಲಕ್ಷ್ಯ ಮಾಡಿದವರಲ್ಲ. ಆದರೂ ಆ ಎರಡು ನಿಮಿಷಗಳ ಕಾಲ ಮಗುವನ್ನು ನೋಡುತ್ತಿರುವವರು ಒಬ್ಬರೂ ಇಲ್ಲ.

ಇದಕ್ಕೆ ಪರಿಹಾರ ಸರಳವಾಗಿದೆ, ಖರ್ಚಿಲ್ಲದ್ದೂ ಆಗಿದೆ. ನೀರಿಗಿಳಿಯುವ ಮೊದಲೇ ಕಾವಲಿನ ಪಾಳಿಯನ್ನು ಗೊತ್ತುಮಾಡಬೇಕು. ಇಪ್ಪತ್ತು ಅಥವಾ ಮೂವತ್ತು ನಿಮಿಷಗಳಿಗೆ ಒಬ್ಬರಂತೆ ಹೆಸರು ಹಿಡಿದು ಜವಾಬ್ದಾರಿ ಒಪ್ಪಿಸಬೇಕು. ಗುರುತಿಗಾಗಿ ಒಂದು ಬಣ್ಣದ ಟೋಪಿಯನ್ನೋ ಕೈಪಟ್ಟಿಯನ್ನೋ ಇಟ್ಟುಕೊಂಡು, ಪಾಳಿ ಬದಲಾದಾಗ ಅದನ್ನು ಕೈಯಿಂದ ಕೈಗೆ ಕೊಟ್ಟು, “ಇನ್ನು ನಿಮ್ಮ ಪಾಳಿ” ಎಂದು ಬಾಯಿಬಿಟ್ಟು ಹೇಳಬೇಕು. ಕಾವಲಿನವರ ಕೈಯಲ್ಲಿ ಮೊಬೈಲು ಇರಕೂಡದು; ಹರಟೆಯೂ ಸಲ್ಲದು. ಕಾವಲಿಗೆ ನಿಲ್ಲುವವರು ನೀರಿಗಿಳಿದು ಮಗುವನ್ನು ಎತ್ತಬಲ್ಲವರಾಗಿರಬೇಕು. ಅಜ್ಜ-ಅಜ್ಜಿಯರು ಚೀಲಗಳನ್ನು ಕಾಯಬಹುದು. ಮೊಣಕಾಲು ನೋವಿರುವ ಅವರ ಮೇಲೆ ಮಕ್ಕಳ ಪ್ರಾಣದ ಹೊಣೆಯನ್ನು ಹೊರಿಸುವುದು ನ್ಯಾಯವಲ್ಲ.

ಈಜು ಬಾರದ ಚಿಕ್ಕ ಮಗುವಿನ ವಿಷಯದಲ್ಲಿ ದೂರದಿಂದ ನೋಡುವುದೂ ಸಾಲದು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದೊಡ್ಡವರೊಬ್ಬರು ನೀರಿನಲ್ಲಿಯೇ ಇರಬೇಕು. ಉದ್ಯಾನದ ಲೈಫ್ ಗಾರ್ಡುಗಳು ಇರುವರಲ್ಲಾ ಎಂಬ ಮಾತು ಸಾಮಾನ್ಯ. ಅವರು ನೂರಾರು ತಲೆಗಳನ್ನು ಏಕಕಾಲಕ್ಕೆ ನೋಡುವವರು. ತಾಯಿತಂದೆಗಳು ನೋಡಬೇಕಾದದ್ದು ಒಂದೆರಡು ತಲೆಗಳನ್ನು ಮಾತ್ರ. ಗಾಳಿ ತುಂಬಿದ ತೋಳುಪಟ್ಟಿ, ಬಾತುಕೋಳಿಯ ಆಕಾರದ ಟ್ಯೂಬುಗಳು ಆಟಿಕೆಗಳೇ ಹೊರತು ರಕ್ಷಣಾ ಸಾಧನಗಳಲ್ಲ. ಉದ್ಯಾನದಲ್ಲಿ ದೊರೆಯುವ ಸರಿಯಾದ ಅಳತೆಯ ಲೈಫ್ ಜಾಕೆಟನ್ನು ಎಲ್ಲ ಪಟ್ಟಿಗಳನ್ನೂ ಬಿಗಿದು ತೊಡಿಸಬೇಕು. ಅದನ್ನು ತೊಡಿಸಿದ ಮೇಲೂ ಕಾವಲು ಸಡಿಲವಾಗಬಾರದು.

ಮುಳುಗುವವರು ಕೂಗುವುದಿಲ್ಲ

ಸಿನಿಮಾಗಳಲ್ಲಿ ಮುಳುಗುವವರು ಕೈಬೀಸಿ ಕಾಪಾಡಿ ಎಂದು ಕೂಗುತ್ತಾರೆ. ವಾಸ್ತವವು ಇದಕ್ಕೆ ತೀರ ಭಿನ್ನ. ಅಮೆರಿಕದ ಲೈಫ್ ಗಾರ್ಡ್ ಫ್ರಾಂಕ್ ಪಿಯಾ ಎಂಬವರು ಮುಳುಗುವವರ ಚಲನವಲನಗಳನ್ನು ಅಭ್ಯಸಿಸಿ ವಿವರಿಸಿದ ಸಂಗತಿ ಇದು: ಬಾಯಿಯು ನೀರಿನ ಮೇಲೆ ಬಂದ ಕ್ಷಣಮಾತ್ರದಲ್ಲಿ ಉಸಿರು ಎಳೆದುಕೊಳ್ಳಲೇ ಸಮಯ ಸಾಲದು, ಕೂಗಲು ಉಸಿರು ಎಲ್ಲಿಂದ ಬರಬೇಕು? ತೋಳುಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಕೈಬೀಸುವುದು ಅವರ ಇಚ್ಛೆಯಲ್ಲಿ ಇರುವುದಿಲ್ಲ. ದೇಹವು ನೆಟ್ಟಗೆ ನಿಂತಂತೆ ಇರುತ್ತದೆ. ಏಣಿಯನ್ನು ಹತ್ತುತ್ತಿರುವಂತೆ ಕಾಣುತ್ತದೆ. ಈ ಸ್ಥಿತಿ ಇಪ್ಪತ್ತರಿಂದ ಅರವತ್ತು ಸೆಕೆಂಡುಗಳವರೆಗೆ ಮಾತ್ರ ಇದ್ದು, ಆಮೇಲೆ ಮುಳುಗುವಿಕೆ.

ಆದುದರಿಂದ ಗದ್ದಲ ಮಾಡುತ್ತಿರುವ ಮಗುವಿಗಿಂತ ತಟ್ಟನೆ ಸುಮ್ಮನಾದ ಮಗುವಿನ ಕಡೆಗೆ ಮೊದಲು ತಿರುಗಿ ನೋಡಬೇಕು. ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿದ್ದರೆ, ಕಣ್ಣುಗಳು ಶೂನ್ಯವಾಗಿದ್ದರೆ, ಕೂದಲು ಮುಖದ ಮೇಲೆ ಬಿದ್ದಿದ್ದರೂ ಸರಿಸದಿದ್ದರೆ ಕೇಳುತ್ತ ನಿಲ್ಲದೆ ಎತ್ತಿಕೊಳ್ಳಬೇಕು. ಮೊಣಕಾಲುದ್ದದ ನೀರಿನಲ್ಲಿಯೂ ಎಳೆಯ ಮಗುವು ಮುಳುಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಹದಿಹರೆಯದವರ ಅಪಾಯವು ಬೇರೊಂದು ಬಗೆಯದು. ಯಾರು ಹೆಚ್ಚು ಹೊತ್ತು ನೀರಿನೊಳಗಿರುವರೆಂಬ ಪಂದ್ಯವನ್ನು ಹುಡುಗರು ಆಡುತ್ತಾರೆ. ಮುಳುಗುವ ಮೊದಲು ರಭಸದಿಂದ ಅನೇಕ ಸಲ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರಾಡಬೇಕೆಂಬ ತವಕವನ್ನು ಹುಟ್ಟಿಸುವುದು ಈ ಅನಿಲವೇ. ಅದು ಕಡಿಮೆಯಾದಾಗ ತವಕ ಮೂಡುವ ಮೊದಲೇ ಮೆದುಳಿಗೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜಬಲ್ಲವರೂ ಹೀಗೆ ಸದ್ದಿಲ್ಲದೆ ಮುಳುಗಿದ್ದುಂಟು. ಈ ಪಂದ್ಯವನ್ನು ಖಂಡಿತವಾಗಿ ನಿಷೇಧಿಸಬೇಕು.

ಜಾರುಬಂಡಿ ಮತ್ತು ಅಲೆಕೊಳ

ಜಾರುಬಂಡಿಯ ಮೇಲೆ ಹರಿಯುವ ತೆಳುವಾದ ನೀರಿನ ಪದರವು ಘರ್ಷಣೆಯನ್ನು ಕುಗ್ಗಿಸಿ ವೇಗವನ್ನು ಹೆಚ್ಚಿಸುತ್ತದೆ. ಅಂಗಾತ ಮಲಗಿ, ಪಾದಗಳನ್ನು ಮುಂದಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿ ಇಳಿಯಬೇಕೆಂಬ ನಿಯಮವು ತಲೆ ಮತ್ತು ಕತ್ತಿನ ರಕ್ಷಣೆಗಾಗಿ ಇದೆ. ಎತ್ತರದ ಮಿತಿಯನ್ನು ಸೂಚಿಸುವ ಫಲಕದ ಮುಂದೆ ಮಗುವನ್ನು ತುದಿಗಾಲಲ್ಲಿ ನಿಲ್ಲಿಸುವ ತಂದೆಯು ತನಗೇ ಮೋಸ ಮಾಡಿಕೊಳ್ಳುತ್ತಾನೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಳಿಯುವುದೂ ಸುರಕ್ಷಿತವಲ್ಲ. ಮಗುವಿನ ಪಾದವು ಅಂಚಿಗೆ ತಗುಲಿ ನಿಂತರೆ ಹಿಂದಿನಿಂದ ಬರುವ ದೊಡ್ಡವರ ಭಾರದಿಂದ ಎಳೆಯ ಕಾಲುಮೂಳೆ ತಿರುಚಿ ಮುರಿಯಬಹುದು. ಇಳಿದ ಕೂಡಲೇ ಪಕ್ಕಕ್ಕೆ ಸರಿಯಬೇಕು, ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ.

ಅಲೆಕೊಳದಲ್ಲಿ ಅಲೆಗಳು ಹುಟ್ಟುವುದು ಆಳವಾದ ತುದಿಯಲ್ಲಿ. ಆಳವಿಲ್ಲದ ಕಡೆಗೆ ಬರುವಷ್ಟರಲ್ಲಿ ಅವು ಒಡೆದು ಕಾಲು ಕೀಳುತ್ತವೆ. ಮೊದಲ ಸಲ ಬಂದವರು ಸೊಂಟದ ಮಟ್ಟವನ್ನು ದಾಟಿ ಹೋಗಬಾರದು. ಜನದಟ್ಟಣೆಯಲ್ಲಿ ಬಿದ್ದ ಮಗುವಿನ ಮೇಲೆ ಇತರರು ಬೀಳುವ ಸಂಭವವಿರುವುದರಿಂದ, ಸೈರನ್ ಮೊಳಗಿ ಅಲೆಗಳು ಆರಂಭವಾಗುವ ಮೊದಲೇ ಚಿಕ್ಕವರನ್ನು ಹೊರಗೆ ಕರೆತರುವುದು ಉತ್ತಮ.

ಊರಿನಿಂದ ಬಂದ ಮಕ್ಕಳಿಗೆ ಇನ್ನೊಂದು ತೊಡಕು ಇದೆ, ಅದು ಭಾಷೆಯದು. ಲೈಫ್ ಗಾರ್ಡು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೂಗಿದ ಎಚ್ಚರಿಕೆಯು ಕನ್ನಡವೊಂದನ್ನೇ ಬಲ್ಲ ಮಗುವಿಗೆ ತಿಳಿಯದೆ ಹೋಗಬಹುದು. ಪುಣೆಯ ಮಕ್ಕಳೇ ತಮ್ಮ ಸೋದರ ಸಂಬಂಧಿಗಳಿಗೆ ಮೂರು ನಾಲ್ಕು ಮಾತುಗಳನ್ನು ಮೊದಲೇ ಕಲಿಸಲಿ. ‘ಥಾಂಬಾ’ ಎಂದರೆ ನಿಲ್ಲಿ. ‘ಮಾಗೇ ಯಾ’ ಎಂದರೆ ಹಿಂದಕ್ಕೆ ಬನ್ನಿ. ‘ಖೋಲ್ ಪಾಣಿ’ ಎಂದರೆ ಆಳವಾದ ನೀರು. ಫಲಕದ ಮೇಲಿನ ‘ಧೋಕಾ’ ಎಂದರೆ ಮರಾಠಿಯಲ್ಲಿ ಅಪಾಯ, ವಂಚನೆಯಲ್ಲ. ಸೀಟಿಯ ಸದ್ದು ಕೇಳಿದರೆ ಯಾವ ಭಾಷೆಯವರೇ ಆಗಲಿ ನಿಂತು ನೋಡಬೇಕು. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂಬ ಸ್ಥಳವನ್ನು ಪ್ರವೇಶದ್ವಾರದಲ್ಲಿಯೇ ಮಕ್ಕಳಿಗೆ ತೋರಿಸಬೇಕು; ದೊಡ್ಡವರೊಬ್ಬರ ದೂರವಾಣಿ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಕು.

ನೀರಿನ ಶುದ್ಧಿ

ಕೊಳದ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲು ಲೀಟರಿಗೆ ಕನಿಷ್ಠ 1 ಮಿಲಿಗ್ರಾಮಿನಷ್ಟು ಕ್ಲೋರಿನ್ ಇರಬೇಕು. ಆಮ್ಲ-ಕ್ಷಾರಗಳ ಪ್ರಮಾಣವನ್ನು ತೋರಿಸುವ ಪಿಎಚ್ ಅಂಕವು 7ರಿಂದ 7.8ರ ನಡುವೆ ಇರಬೇಕು. ಈ ಅಳತೆಗಳನ್ನು ಸಿಬ್ಬಂದಿಯನ್ನು ಕೇಳಿ ತಿಳಿಯಲು ಸಂಕೋಚಪಡಬೇಕಾಗಿಲ್ಲ. ಕೊಳದ ತಳವು ಸ್ಪಷ್ಟವಾಗಿ ಕಾಣದಷ್ಟು ನೀರು ಮಬ್ಬಾಗಿದ್ದರೆ ಅದರಲ್ಲಿ ಇಳಿಯಬಾರದು. ಅಂಥ ನೀರು ಶುದ್ಧವೂ ಅಲ್ಲ, ಅದರಲ್ಲಿ ಮುಳುಗಿದವರು ಕಾಣುವುದೂ ಇಲ್ಲ.

ಕಣ್ಣುರಿಗೂ ಮೂಗಿಗೆ ಬಡಿಯುವ ವಾಸನೆಗೂ ಕ್ಲೋರಿನ್ ಹೆಚ್ಚಾದದ್ದೇ ಕಾರಣವೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಬೆವರು ಮತ್ತು ಮೂತ್ರದೊಡನೆ ಕ್ಲೋರಿನ್ ಸೇರಿ ಉಂಟಾಗುವ ಕ್ಲೋರಮೀನ್ ಎಂಬ ಸಂಯುಕ್ತಗಳು ಇದಕ್ಕೆ ಕಾರಣ. ನೀರಿಗಿಳಿಯುವ ಮೊದಲು ಪ್ರತಿಯೊಬ್ಬರೂ ಮೈತೊಳೆದುಕೊಂಡರೆ, ಚಿಕ್ಕವರನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ದರೆ ನೀರು ಎಲ್ಲರಿಗೂ ಹಿತವಾಗಿರುತ್ತದೆ.

ಕ್ಲೋರಿನ್ನಿಗೂ ಬಗ್ಗದ ಒಂದು ರೋಗಾಣುವಿದೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಈ ಪರೋಪಜೀವಿಯು ಸರಿಯಾಗಿ ಕ್ಲೋರಿನ್ ಬೆರೆಸಿದ ನೀರಿನಲ್ಲಿಯೂ ಏಳು ದಿನಗಳಿಗಿಂತ ಹೆಚ್ಚು ಕಾಲ ಬದುಕಬಲ್ಲದು. ಭೇದಿಯಿರುವ ಒಂದು ಮಗುವಿನಿಂದ ಇಡೀ ಕೊಳದ ಜನಕ್ಕೆ ಸೋಂಕು ತಗುಲಬಹುದಾಗಿದೆ. ಭೇದಿಯಿರುವವರು ಮನೆಯಲ್ಲಿರಬೇಕೆಂಬ ಮಾತಿಗೆ ಕಾರಣ ಇದೇ. ಈ ರೋಗಾಣುವಿನಿಂದಲೇ ಭೇದಿಯಾಗಿತ್ತೆಂದು ವೈದ್ಯರು ಹೇಳಿದ್ದರೆ, ಅದು ನಿಂತ ಮೇಲೂ ಎರಡು ವಾರ ಕಾಯಬೇಕು. ಕೊಳದ ನೀರನ್ನು ನುಂಗದಂತೆ ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು.

ಮನೆಗೆ ಬಂದ ಮೇಲೆ ತಲೆಯನ್ನು ಪಕ್ಕಕ್ಕೆ ವಾಲಿಸಿ ಕಿವಿಯ ನೀರನ್ನು ಇಳಿಸಿ, ಹೊರಗಿವಿಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಬೆಂಕಿಕಡ್ಡಿ, ಹೇರ್‌ಪಿನ್ನುಗಳನ್ನು ಕಿವಿಯೊಳಗೆ ಹಾಕುವುದರಿಂದ ಚರ್ಮ ಗೀರಿ ಸೋಂಕು ಹತ್ತುತ್ತದೆ.

ಬಿಸಿಲು, ಊಟ, ಪಾನೀಯ

ಏಪ್ರಿಲ್-ಮೇ ತಿಂಗಳುಗಳಲ್ಲಿ ಪುಣೆಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುವುದುಂಟು. ನೀರಿನಲ್ಲಿರುವವರಿಗೆ ಮೈ ತಂಪಾಗಿರುವುದರಿಂದ ಬಿಸಿಲು ತಟ್ಟಿದ್ದೂ, ಬೆವರಿದ್ದೂ ತಿಳಿಯುವುದಿಲ್ಲ. ಸಂಜೆಯ ತಲೆನೋವು, ವಾಂತಿ, ಮಕ್ಕಳ ಹಟ ಇವುಗಳ ಹಿಂದೆ ಅನೇಕ ವೇಳೆ ದೇಹದಲ್ಲಿ ನೀರು ಕಡಿಮೆಯಾದದ್ದೇ ಇರುತ್ತದೆ. ಬಾಯಾರಿಕೆಗಾಗಿ ಕಾಯದೆ ಅರ್ಧಗಂಟೆಗೊಮ್ಮೆ ಮಕ್ಕಳನ್ನು ಹೊರಗೆ ಕರೆದು ಶುದ್ಧ ನೀರು ಕುಡಿಸಬೇಕು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆಹಣ್ಣಿನ ಪಾನಕಗಳಿಗೆ ಸಮನಾದ ಪಾನೀಯ ಇನ್ನೊಂದಿಲ್ಲ. ಹೊರಗಿನ ಆಹಾರಕ್ಕೆ ಅವಕಾಶವಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹನ್ನೆರಡರಿಂದ ಮೂರು ಗಂಟೆಯವರೆಗಿನ ಹೊತ್ತನ್ನು ನೆರಳಿನಲ್ಲಿ ಊಟ, ವಿಶ್ರಾಂತಿಗಳಿಗೆ ಮೀಸಲಿಡಬೇಕು. ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಲೇಪನವನ್ನು ನೀರಿಗಿಳಿಯುವ ಮೊದಲೂ, ಅನಂತರ ಎರಡು ಗಂಟೆಗೊಮ್ಮೆಯೂ ಹಚ್ಚಬೇಕು. ಊಟವಾದ ಕೂಡಲೇ ನೀರಿಗಿಳಿದರೆ ಸ್ನಾಯು ಸೆಳೆದು ಮುಳುಗುವರೆಂಬ ಹಳೆಯ ನಂಬಿಕೆಗೆ ಬಲವಾದ ಆಧಾರವಿಲ್ಲ. ಆದರೂ ಹೊಟ್ಟೆತುಂಬ ಉಂಡು ತಿರುಗುವ ಜಾರುಬಂಡಿಯನ್ನೇರಿದರೆ ವಾಂತಿಯಾಗುವುದು ನಿಶ್ಚಯ.

ಅವಘಡವಾದರೆ

ಉಸಿರಾಟ ನಿಂತ ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗತೊಡಗುತ್ತದೆ. ಆ ಅಮೂಲ್ಯ ನಿಮಿಷಗಳಲ್ಲಿ ಮುಳುಗಿದವರನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತುವುದು, ಹೊಟ್ಟೆಯನ್ನೊತ್ತಿ ನೀರು ತೆಗೆಯುವುದು, ಹೆಗಲ ಮೇಲೆ ಹಾಕಿಕೊಂಡು ಓಡುವುದು ನಮ್ಮ ಊರುಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿ ಕೇಡಾಗುತ್ತದೆ, ಸಮಯವೂ ಹಾಳಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಲೈಫ್ ಗಾರ್ಡನ್ನು ಕೂಗಬೇಕು. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ವ್ಯಕ್ತಿಯನ್ನು ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಬೇಕು. ಕರೆದರೂ ಓಗೊಡದೆ, ಸರಿಯಾದ ಉಸಿರಾಟವೂ ಇಲ್ಲದಿದ್ದರೆ ಗದ್ದವನ್ನೆತ್ತಿ, ಮೂಗನ್ನು ಮುಚ್ಚಿ ಬಾಯಿಗೆ ಬಾಯಿಟ್ಟು ಎರಡರಿಂದ ಐದು ಸಲ ಉಸಿರು ಊದಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರೇ. ಬಳಿಕ ಎದೆಯ ನಡುಮೂಳೆಯ ಮೇಲೆ ಅಂಗೈಯಿಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಗಟ್ಟಿಯಾಗಿ ಒತ್ತಬೇಕು. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಸಹಾಯ ಬರುವವರೆಗೆ ಇದನ್ನು ನಿಲ್ಲಿಸಬಾರದು. ಪ್ರತಿ ಮನೆಯಲ್ಲಿ ಒಬ್ಬರಾದರೂ ಇದನ್ನು ಬಲ್ಲವರಿಂದ ಕಲಿತಿರಬೇಕು; ಓದಿದ ಮಾತ್ರಕ್ಕೆ ಕೈಗೆ ಬರುವ ವಿದ್ಯೆಯಲ್ಲ ಇದು.

ನೀರು ಕುಡಿದು ಚೇತರಿಸಿಕೊಂಡ ಮಗುವನ್ನೂ ಆ ದಿನವಿಡೀ ಗಮನಿಸುತ್ತಿರಬೇಕು. ನಿಲ್ಲದ ಕೆಮ್ಮು, ಏದುಸಿರು, ಅಸಹಜವಾದ ಮಂಪರು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮರಳುವ ದಾರಿಯಲ್ಲಿ

ಉದ್ಯಾನದಿಂದ ಹೊರಬಿದ್ದೊಡನೆ ಅಪಾಯವು ಮುಗಿಯಿತೆಂದು ತಿಳಿಯಬಾರದು. ಸಿಂಹಗಡದ ಕಡೆಯಿಂದ ಮರಳುವವರಿಗೆ ಖಡಕವಾಸ್ಲಾ ಜಲಾಶಯವು ದಾರಿಯಲ್ಲಿಯೇ ಸಿಗುತ್ತದೆ. ಲೋಣಾವಳಾ ಕಡೆಗೆ ಹೋದವರಿಗೆ ಭೂಶಿ ಅಣೆಕಟ್ಟೆಯ ಸೆಳೆತವಿರುತ್ತದೆ. ದಿನವಿಡೀ ನೀರಾಡಿ ಧೈರ್ಯ ಬಂದ ಮಕ್ಕಳು ಅಲ್ಲಿಯೂ ಇಳಿಯೋಣವೆನ್ನುತ್ತಾರೆ. ಅಲ್ಲಿ ಕ್ಲೋರಿನ್ನೂ ಇಲ್ಲ, ಆಳದ ಗುರುತೂ ಇಲ್ಲ. ತಳದಲ್ಲಿ ಕೆಸರು, ಕಲ್ಲುಗಳು. ಮಳೆಗಾಲದಲ್ಲಿ ಮೇಲಿನಿಂದ ತಟ್ಟನೆ ಬರುವ ಪ್ರವಾಹ. 2024ರ ಜೂನ್ 30ರಂದು ಭೂಶಿ ಅಣೆಕಟ್ಟೆಯ ಸಮೀಪದ ಜಲಪಾತದಲ್ಲಿ ವಿಹಾರಕ್ಕೆಂದು ಹೋಗಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು; ಅವರಲ್ಲಿ ನಾಲ್ವರು ಮಕ್ಕಳು. ಜಲೋದ್ಯಾನದಲ್ಲಿ ಕಲಿತ ಧೈರ್ಯವು ನದಿಗೂ ಜಲಾಶಯಕ್ಕೂ ಸಲ್ಲದೆಂದು ಮಕ್ಕಳಿಗೆ ಅಂದೇ ಬಿಡಿಸಿ ಹೇಳಬೇಕು.

ಖಡಕವಾಸ್ಲಾ ಎಂದಾಗ ಕನ್ನಡಿಗರಿಗೆ ಸಹಜವಾಗಿ ನೆನಪಾಗುವವರು ಸರ್ ಎಂ. ವಿಶ್ವೇಶ್ವರಯ್ಯನವರು. ಪುಣೆಯ ಸೈನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಅಳವಡಿಸಿದ್ದು ಇದೇ ಜಲಾಶಯದಲ್ಲಿ. ನೀರು ಮಿತಿಮೀರಿ ಏರಿದೊಡನೆ ಆ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು; ಯಾರೂ ಕಾಯುತ್ತ ನಿಲ್ಲಬೇಕಾಗಿರಲಿಲ್ಲ. ಮಕ್ಕಳ ವಿಷಯದಲ್ಲಿ ಅಂಥ ಬಾಗಿಲೊಂದನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅಲ್ಲಿ ಬೇಕಾದದ್ದು ಮನುಷ್ಯರ ಕಣ್ಣು. ಇಂಥವರದೇ ಎಂದು ಹೆಸರಿಟ್ಟು ಗೊತ್ತುಮಾಡಿದ ಕಣ್ಣು.

ಈ ಒಂದು ದಿನದ ವಿಹಾರವು ಮಕ್ಕಳಲ್ಲಿ ಹುಟ್ಟಿಸುವ ನೀರಿನ ಪ್ರೀತಿಯನ್ನು ಅಲ್ಲಿಗೇ ಬಿಡದೆ, ರಜೆ ಮುಗಿಯುವುದರೊಳಗೆ ಅವರನ್ನು ಸಮೀಪದ ಈಜುಕೊಳಕ್ಕೆ ಸೇರಿಸಿದರೆ ಜೀವಮಾನದ ಉಪಕಾರವಾಗುತ್ತದೆ. ಆರು ವರ್ಷ ದಾಟಿದ ಮಕ್ಕಳಿಗೆ ಈಜನ್ನೂ ನೀರಿನ ಎಚ್ಚರವನ್ನೂ ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊರಿನ ಬಾವಿಯಲ್ಲಿ ಸೋರೆಬುರುಡೆಯೊಡನೆ ಅಜ್ಜ ಕಲಿತ ವಿದ್ಯೆಯನ್ನು ಪುಣೆಯ ಈಜುಕೊಳದಲ್ಲಿ ಮೊಮ್ಮಗಳು ಕಲಿಯಲಿ. ಹನ್ನೆರಡು ಜನ ಹೊರಟ ಮನೆಗೆ ಹನ್ನೆರಡು ಜನವೂ ನಗುನಗುತ್ತ ಮರಳಲಿ.